ಐದು ನಿಮಿಷಕ್ಕೆ ಕೊಟ್ಟ ದುಡ್ಡು: ಹೆಚ್ಚುಮಣೆಗೆ ಟೈಟ್‌ಬಾಂಡ್ 3 ಅಂಟು

ಏಪ್ರಿಲ್ ತಿಂಗಳ ಎರಡನೇ ರವಿವಾರ ನಮ್ಮ ಮನೆಯಲ್ಲಿ ಉಪ್ಪಿನಕಾಯಿಗೆಂದು 12 ಕಿಲೋ ಮಾವಿನಕಾಯಿ ಹೆಚ್ಚಿದೆವು, ಗೊರಟೆ ಸಮೇತ. ಭಾರದ ಕತ್ತಿ ಎತ್ತಿ ಹೊಡೆಯುವ ಕೆಲಸ ಅದು. ನಾನೂ ಅಕ್ಕನೂ ಪಾಳಿ ಹಾಕಿಕೊಂಡು ಎರಡೂವರೆ ತಾಸು ಹೊಡೆದೆವು. ಹುಳಿ ರಸ ಮಣೆಯ ಮೇಲೆಲ್ಲ ಹರಿಯಿತು. ನಡುನಡುವೆ ನೀರು ಸುರಿದು ತೊಳೆದು ಮತ್ತೆ ಹೊಡೆದೆವು. ಸಂಜೆ ಮಣೆ ಒರೆಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಅದರ ಹನ್ನೆರಡೂ ಸಂದುಗಳ ಮೇಲೆ ಉಗುರು ಎಳೆದು ನೋಡಿದೆ. ಒಂದೂ ಬಾಯಿ ಬಿಟ್ಟಿರಲಿಲ್ಲ. ಮಣೆ ಮಾಡಿ ಆಗಲೇ ಎರಡು ವರ್ಷ ಆಗಿತ್ತು. ಅದನ್ನು ಹಿಡಿದಿಟ್ಟುಕೊಂಡಿರುವ ಅಂಟಿನ ಬಗ್ಗೆ ಬರೆಯಬೇಕು ಅನ್ನಿಸಿದ್ದು ಅವತ್ತು.

ಅಂಟಿನ ಹೆಸರು ಟೈಟ್‌ಬಾಂಡ್ 3. ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್ ಊರಿನ ಫ್ರಾಂಕ್ಲಿನ್ ಇಂಟರ್‌ನ್ಯಾಷನಲ್ ಕಂಪನಿಯ ಮಾಲು. ಇದೇ ಹೆಸರಿನಲ್ಲಿ ಕೆಂಪು ಲೇಬಲ್ಲಿನದು, ನೀಲಿ ಲೇಬಲ್ಲಿನದು ಅಂತ ಬೇರೆ ಅಂಟುಗಳೂ ಇವೆ. ಮೂರನೆಯದು ಹಸಿರು ಲೇಬಲ್ಲಿನದು. ನಾನು ತರಿಸುವುದು 473 ಮಿಲೀ ಬಾಟಲಿ. ಕಳೆದ ಸಲ ಸಾವಿರದ ಮೇಲೆ ನೂರು ಚಿಲ್ಲರೆ ರೂಪಾಯಿ ಬಿತ್ತು. ನಮ್ಮ ಧಾರವಾಡದ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವ ಬಿಳಿ ಅಂಟಿಗಿಂತ ಇದು ಎಷ್ಟೋ ಪಟ್ಟು ದುಬಾರಿ, ಮತ್ತು ಮೊದಲ ಸಲ ಬೆಲೆ ನೋಡಿದಾಗ ನಾನೂ ಬಾಟಲಿ ವಾಪಸ್ ಇಟ್ಟಿದ್ದೆ. ಹಾಗಾಗಿ ಈ ಬೆಲೆ ಎಲ್ಲಿ ವಸೂಲಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂಬುದನ್ನೇ ಹೇಳುತ್ತೇನೆ.

ಮೊದಲು ಮಣೆಯ ವಿಷಯ. ನಮ್ಮ ಮನೆಯಲ್ಲಿ ಹೆಚ್ಚುಮಣೆ ಇರಲೇ ಇಲ್ಲ, ಇದ್ದದ್ದು ಈಳಿಗಿ. ಅವ್ವ ಒಂದು ಕಾಲು ಮಡಚಿ ಅದರ ಮೇಲೆ ಕೂತರೆ ಎರಡು ಕಿಲೋ ಬದನೆಕಾಯಿ ಮಾತಾಡುತ್ತಾ ಆಡುತ್ತಾ ಮುಗಿದುಹೋಗುತ್ತಿತ್ತು. ಈಗ ಅವಳಿಗೆ 78. ಮೊಳಕಾಲು ಮಡಚಲು ಬರುವುದಿಲ್ಲ. ಕಟ್ಟೆಯ ಮುಂದೆ ಎತ್ತರದ ಸ್ಟೂಲ್ ಹಾಕಿಕೊಟ್ಟೆವು, ಪ್ಲಾಸ್ಟಿಕ್ ಹಲಗೆ ತಂದೆವು. ಅದರ ಮೇಲೆ ಚಾಕು ಜಾರುತ್ತದೆ, ಟಕಟಕ ಸಪ್ಪಳ ಬೇರೆ, ಆರು ತಿಂಗಳಿಗೆ ಗೀರುಗಳ ತುಂಬ ಅರಿಶಿನ ಕೂತಿತು. ಬ್ಯಾಂಕಿನ ಕೆಲಸ ಬಿಟ್ಟ ಮೇಲೆ ನಾನು ಹಿತ್ತಲ ತಗಡಿನ ಶೆಡ್‌ನಲ್ಲಿ ಬಡಿಗತನ ಕಲಿಯತೊಡಗಿದ್ದೆ. ಅವ್ವನಿಗೆ ಒಂದು ಒಳ್ಳೆಯ ಮಣೆ ಮಾಡಿಕೊಡಬೇಕೆಂದು ಹೊರಟದ್ದೇ ಈ ಎಂಡ್ ಗ್ರೇನ್ ದಾರಿಗೆ ತಂದಿತು.

ಎಂಡ್ ಗ್ರೇನ್ ಅಂದರೆ ನಾರು ಮಲಗಿದ ಹಲಗೆಯ ಬದಲು ನಾರು ನಿಂತ ಹಲಗೆ. ನಮಗಿದು ಹೊಸದೇನೂ ಅಲ್ಲ. ಮಟನ್ ಅಂಗಡಿಯಲ್ಲಿ ಹುಣಸೆ ಮರದ ಕೊರಡು ನೋಡಿರುತ್ತೀರಿ, ಅಡ್ಡ ಕೊಯ್ದ ಮುಖವನ್ನು ಮೇಲೆ ಮಾಡಿ ನಿಲ್ಲಿಸಿರುತ್ತಾರೆ. ಕಸಬರಿಗೆಯನ್ನು ತಲೆಕೆಳಗು ನಿಲ್ಲಿಸಿ ಕಡ್ಡಿಗಳ ನಡುವೆ ಚಾಕು ಇಳಿಸಿದಂತೆ ಅಲಗು ನಾರಿನ ಸಂದಿಗೆ ಹೋಗುತ್ತದೆ, ಎತ್ತಿದರೆ ನಾರು ಮತ್ತೆ ಕೂಡಿಕೊಳ್ಳುತ್ತದೆ. ಚಾಕಿನ ಮೊನೆ ಬಹಳ ದಿನ ಉಳಿಯುತ್ತದೆ. ಕೊರಡು ಒಂದೇ ಮರದ ತುಂಡು. ಅಡುಗೆಮನೆಗೆ ಅಷ್ಟು ದಪ್ಪದ ದಿಮ್ಮಿ ತಂದರೆ ಒಣಗುವಾಗ ನಡುವೆ ಸೀಳುತ್ತದೆ. ಅದಕ್ಕೇ ಸಣ್ಣ ಸಣ್ಣ ಪಟ್ಟಿಗಳನ್ನು ಅಂಟಿಸಿ ಮಾಡುವುದು. ಹಾಗೆ ಮಾಡಿದಾಗ ಮಣೆಯ ಇಡೀ ಆಯುಷ್ಯ ಅಂಟಿನ ಕೈಗೆ ಹೋಗುತ್ತದೆ.

ನನ್ನ ಅಳತೆ ಇದು: 16 ಇಂಚು ಉದ್ದ, 12 ಇಂಚು ಅಗಲ, ಒಂದೂಮುಕ್ಕಾಲು ಇಂಚು ದಪ್ಪ. ಮೊದಲು ಒಂದೂಕಾಲು ಇಂಚು ದಪ್ಪದ, ಒಂದೂವರೆ ಇಂಚು ಅಗಲದ ಎಂಟು ಪಟ್ಟಿಗಳನ್ನು ಪಕ್ಕಪಕ್ಕ ಅಂಟಿಸಿ 26 ಇಂಚು ಉದ್ದದ ಹಲಗೆ ಮಾಡುತ್ತೇನೆ. ಮಲೆನಾಡಿನ ಕಡೆಯಿಂದ ಬರುವ ಅಕೇಶಿಯಾದ ಕಂದು ಚೇಗು ಒಂದು, ಹುಬ್ಬಳ್ಳಿಯ ಒಂದು ಫರ್ನಿಚರ್ ಕಾರ್ಖಾನೆಯಲ್ಲಿ ಉಳಿದ ಸ್ಟೀಮ್ ಬೀಚ್ ಎಂಬ ತಿಳಿ ಬಣ್ಣದ ಮರದ ತುಂಡು ಒಂದು, ಹೀಗೆ ಒಂದು ಬಿಟ್ಟು ಒಂದು. ಮರುದಿನ ಆ ಹಲಗೆಯನ್ನು ಅಡ್ಡಲಾಗಿ 13 ಪಟ್ಟಿ ಕೊಯ್ದು, ಪ್ರತಿ ಪಟ್ಟಿಯನ್ನೂ ಮಗ್ಗುಲು ಹೊರಳಿಸಿ ನಾರಿನ ತುದಿ ಮೇಲೆ ಬರುವಂತೆ ಮಾಡಿ, ಒಂದು ಬಿಟ್ಟು ಒಂದರ ತಲೆ ತಿರುಗಿಸಿ ಚೌಕಳಿ ಹೊಂದಿಸಿ, ಎರಡನೇ ಸಲ ಅಂಟಿಸುವುದು. ಈ ಎರಡನೇ ಸಲವೇ ಎದೆ ಹೊಡೆದುಕೊಳ್ಳುವ ಹೊತ್ತು. ಹನ್ನೆರಡು ಸಂದು, ಎರಡೂ ಮುಖಕ್ಕೆ ಅಂಟು, ಎಲ್ಲವೂ ಸಾಲಾಗಿ, ಚೌಕಳಿ ತಪ್ಪದಂತೆ, ಅಂಟು ಕೆನೆಗಟ್ಟುವ ಮೊದಲು.

ನೀಲಿ ಲೇಬಲ್ಲಿನ ಟೈಟ್‌ಬಾಂಡ್ 2 ಕೂಡ ಹೆಚ್ಚುಮಣೆಗೆ ಆಗುತ್ತದೆ. ನೀರು ತಡೆಯುತ್ತದೆ, ಬೆಲೆಯೂ ಕಡಿಮೆ. ಬಳಸಿದ ನಂತರ ತೊಳೆದು ನಿಲ್ಲಿಸುವ ಮಣೆಗೆ ಅದರ ಶಕ್ತಿ ಧಾರಾಳ ಸಾಕು. ಆದರೆ ಅದನ್ನು ಹಚ್ಚಿದ ಮೇಲೆ ಮರ ಕೂಡಿಸಲು ಸಿಗುವ ಸಮಯ ಮೂರರಿಂದ ಐದು ನಿಮಿಷ ಅಂತ ಕಂಪನಿಯೇ ಹೇಳುತ್ತದೆ. ಹಸಿರು ಲೇಬಲ್ಲಿಗೆ ಎಂಟರಿಂದ ಹತ್ತು ನಿಮಿಷ. ಎಲ್ಲರೂ ಈ ಅಂಟನ್ನು ನೀರಿಗೆ ಜಗ್ಗುವುದಿಲ್ಲ ಅಂತ ಹೊಗಳುತ್ತಾರೆ, ನಾನು ದುಡ್ಡು ಕೊಡುವುದು ಆ ಹೆಚ್ಚಿನ ಐದು ನಿಮಿಷಕ್ಕೆ. ಅದರಲ್ಲೂ ನಮ್ಮ ಬಿಸಿಲಿಗೆ.

ಕಂಪನಿ ಹೇಳುವ ಹತ್ತು ನಿಮಿಷ 21 ಡಿಗ್ರಿ ಸೆಲ್ಸಿಯಸ್‌ನ ಕೋಣೆಯ ಲೆಕ್ಕ. ಧಾರವಾಡದ ಮಾರ್ಚ್ ತಿಂಗಳ ಮಧ್ಯಾಹ್ನ ತಗಡಿನ ಕೆಳಗೆ ಅದನ್ನು ನಂಬಿ ಕೂತಿದ್ದೆ ನಾನು. ಏಳನೇ ಪಟ್ಟಿಗೆ ಹಚ್ಚುವಷ್ಟರಲ್ಲಿ ಮೊದಲ ಪಟ್ಟಿಯ ಅಂಟಿನ ಮೇಲೆ ಹಾಲಿನ ಕೆನೆಯಂಥ ಪೊರೆ. ಬೆರಳು ತಾಗಿಸಿದರೆ ಬೆರಳಿಗೆ ಬರುತ್ತಿಲ್ಲ. ಒತ್ತಾಯದಿಂದ ಕ್ಲಾಂಪ್ (ಪಟ್ಟಿಗಳನ್ನು ಒತ್ತಿ ಹಿಡಿಯುವ ತಿರುಪಿನ ಹಿಡಿಕೆ) ಬಿಗಿದೆ, ಸಂದು ಕೂಡಲಿಲ್ಲ, ಕೂದಲೆಳೆಯಷ್ಟು ತೆರೆದೇ ಉಳಿಯಿತು. ಆ ಮಣೆಯನ್ನು ಮತ್ತೆ ಅದೇ ಸಂದುಗಳಲ್ಲಿ ಕೊಯ್ದು ಪಟ್ಟಿಗಳನ್ನು ಬೇರೆ ಮಾಡಬೇಕಾಯಿತು. ಕೈಯಲ್ಲಿ ಉಳಿದದ್ದು 14 ಇಂಚಿನ ಮಣೆ.

ಈಗ ನಸುಕಿನ ಐದೂವರೆಗೆ ಅಂಟಿಸುತ್ತೇನೆ. ಆಗ ಶೆಡ್‌ನಲ್ಲಿ 22, 23 ಡಿಗ್ರಿ ಇರುತ್ತದೆ. ಹಿಂದಿನ ರಾತ್ರಿಯೇ ಎಲ್ಲ ಪಟ್ಟಿಗಳನ್ನೂ ಒಣದಾಗಿ ಜೋಡಿಸಿ, ಕ್ಲಾಂಪ್ ಬಿಗಿದು, ಬೆಳಕು ಹಾಯುತ್ತದೆಯೇ ನೋಡಿ, ಮೇಲೆ ಸೀಸದಕಡ್ಡಿಯಲ್ಲಿ ಒಂದು ದೊಡ್ಡ ತ್ರಿಕೋನ ಬರೆದಿಟ್ಟಿರುತ್ತೇನೆ. ಬೆಳಿಗ್ಗೆ ಗೆರೆ ಹೊಂದಿದರೆ ಸಾಲು ಹೊಂದಿತು. ಹದಿಮೂರನ್ನೂ ಒಟ್ಟಿಗೆ ಅಂಟಿಸುವುದಿಲ್ಲ: ಇವತ್ತು ಏಳು, ಇನ್ನೊಂದು ಕಡೆ ಆರು, ನಾಳೆ ಆ ಎರಡು ಅರ್ಧಗಳ ನಡುವಿನ ಒಂದೇ ಸಂದು. ಅಂಟನ್ನು ಹಳೆಯ ಏಟಿಎಂ ಕಾರ್ಡಿನಿಂದ ಸವರುತ್ತೇನೆ. ಬ್ರಷ್‌ಗಿಂತ ಬೇಗ, ತೆಳ್ಳಗೆ, ಸಮನಾಗಿ. ಹಸಿ ಅಂಟಿನ ಬಣ್ಣ ಹಾಲು ಹೆಚ್ಚಾದ ಚಹಾದ್ದು. ಕ್ಲಾಂಪ್ ತಿರುಗಿಸುತ್ತಿದ್ದಂತೆ ಸಂದಿನುದ್ದಕ್ಕೂ ಮೊದಲು ಒಂದು ತೇವದ ಗೆರೆ ಕಾಣುತ್ತದೆ, ಆಮೇಲೆ ಗೆರೆ ಹನಿಹನಿಯಾಗಿ ಒಡೆಯುತ್ತದೆ, ಸಾಸಿವೆ ಗಾತ್ರದ ಹನಿಗಳು ಒಂದರ ಪಕ್ಕ ಒಂದು. ಹನಿ ಎಲ್ಲಿ ಕಾಣಲಿಲ್ಲವೋ ಅಲ್ಲಿ ಅಂಟು ಕಡಿಮೆ. ಹನಿಗಳು ಸೇರಿ ಇಳಿಯತೊಡಗಿದರೆ ಹೆಚ್ಚು. ಆ ಸಾಸಿವೆ ಸಾಲು ಕಂಡ ದಿನ ನನಗೆ ತಿಂಡಿ ರುಚಿಸುತ್ತದೆ.

ಎಷ್ಟು ಬಿಗಿಯಬೇಕು ಎನ್ನುವುದಕ್ಕೂ ಕಂಪನಿ ಲೆಕ್ಕ ಕೊಟ್ಟಿದೆ. ಗಟ್ಟಿ ಮರಕ್ಕೆ ಪ್ರತಿ ಚದರ ಇಂಚಿಗೆ 175ರಿಂದ 250 ಪೌಂಡ್ ಒತ್ತಡ. ನನ್ನ ಒಂದು ಸಂದು 12 ಇಂಚು ಉದ್ದ, ಒಂದೂಮುಕ್ಕಾಲು ಇಂಚು ಎತ್ತರ, ಅಂದರೆ 21 ಚದರ ಇಂಚು. ನಡುವಿನ 200 ಹಿಡಿದರೂ 4,200 ಪೌಂಡ್, ಹತ್ತಿರ ಹತ್ತಿರ 1,900 ಕಿಲೋ ಭಾರ. ಎರಡು ಕ್ಲಾಂಪ್ ಹಾಕಿ ಕೈತೊಳೆದುಕೊಂಡರೆ ಅಷ್ಟು ಬರುವುದಿಲ್ಲ. ನಾನು ಆರು ಹಾಕುತ್ತೇನೆ, ಮೂರು ಮೇಲೆ, ಮೂರು ಕೆಳಗೆ. ಕ್ಲಾಂಪ್‌ಗೆ ಬಿದ್ದ ಹಣ ಅಂಟಿನ ಬೆಲೆಯ ಎಷ್ಟೋ ಪಟ್ಟು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ.

ಮುಕ್ಕಾಲು ತಾಸಿನ ನಂತರ ಹೊರಬಂದ ಅಂಟು ಹಲಸಿನ ಮೇಣದ ಹದಕ್ಕೆ ಬಂದಿರುತ್ತದೆ. ಆಗ ಹಳೆಯ ಉಳಿಯಿಂದ ಎತ್ತಿದರೆ ಸುರುಳಿ ಸುರುಳಿಯಾಗಿ ಬರುತ್ತದೆ. ಹಸಿ ಇದ್ದಾಗ ಬಟ್ಟೆಯಿಂದ ಒರೆಸಬೇಡಿ, ನಾರಿನ ತುದಿ ಅದನ್ನು ಕುಡಿದು, ಆಮೇಲೆ ಎಣ್ಣೆ ಹಚ್ಚಿದಾಗ ಮೋಡದಂಥ ಕಲೆ ಏಳುತ್ತದೆ. ಪೂರ್ತಿ ಒಣಗಲು ಬಿಟ್ಟರೆ ಗಾಜಿನಂತೆ ಗಟ್ಟಿಯಾಗಿ ರಂಧದ ಅಲಗನ್ನು ತಿನ್ನುತ್ತದೆ. 24 ತಾಸು ಕಳೆಯುವವರೆಗೆ ನಾನು ಮಣೆಯ ಮೇಲೆ ಯಾವ ಕೆಲಸವನ್ನೂ ಮಾಡುವುದಿಲ್ಲ.

ಇನ್ನು ನೀರಿನ ಮಾತು. ಇದು ಟೈಪ್ 1 ಎಂಬ ಅಮೆರಿಕದ ಪರೀಕ್ಷೆ ಪಾಸಾದ ಅಂಟು. ಆ ಪರೀಕ್ಷೆ ನೋಡಿ: ಅಂಟಿಸಿದ ತುಂಡುಗಳನ್ನು 4 ತಾಸು ಕುದಿಸುತ್ತಾರೆ, 63 ಡಿಗ್ರಿಯ ಒಲೆಯಲ್ಲಿ 20 ತಾಸು ಒಣಗಿಸುತ್ತಾರೆ, ಮತ್ತೆ 4 ತಾಸು ಕುದಿಸಿ, ಹರಿಯುವ ನೀರಿನಲ್ಲಿ ತಣಿಸಿ, ಒದ್ದೆ ಇರುವಾಗಲೇ ಎಳೆದು ನೋಡುತ್ತಾರೆ. ಓದಿ ನಂಬಿಕೆ ಬರಲಿಲ್ಲ. ನಮ್ಮ ಬಚ್ಚಲ ಒಲೆಯ ಮೇಲೆ ಹಳೆಯ ಅಲ್ಯೂಮಿನಿಯಂ ಪಾತ್ರೆ ಇಟ್ಟು ನಾನೇ ಕುದಿಸಿದೆ. ಅಕೇಶಿಯಾದ ಎರಡು ಜೋಡಿ ತುಂಡು, ಒಂದಕ್ಕೆ ಈ ಅಂಟು, ಇನ್ನೊಂದಕ್ಕೆ ಮನೆಯಲ್ಲಿದ್ದ ಸಾಧಾರಣ ಬಿಳಿ ಅಂಟು. ಬಿಳಿ ಅಂಟಿನ ಜೋಡಿ ಅರ್ಧ ತಾಸಿಗೆ ಪಾತ್ರೆಯಲ್ಲೇ ಬಿಡಿಬಿಡಿ ತೇಲಿತು. ನ್ಯಾಯವಾಗಿ ಹೇಳಬೇಕು, ನೀರಿಗೆ ಬಳಸಬೇಡಿ ಅಂತ ಅದರ ಡಬ್ಬಿಯ ಮೇಲೆ ಬರೆದಿತ್ತು. ಇನ್ನೊಂದು ಜೋಡಿಯನ್ನು ನಾಲ್ಕು ತಾಸು ಕುದಿಸಿ, ರಾತ್ರಿಯಿಡೀ ಒಲೆಯ ಪಕ್ಕ ಒಣಗಿಸಿ, ಮರುದಿನ ಮತ್ತೆ ಕುದಿಸಿ, ಒದ್ದೆಯಾಗಿರುವಾಗಲೇ ಸಂದಿಗೆ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದೆ. ತುಂಡಾಯಿತು. ಆದರೆ ಸಂದಿನಲ್ಲಿ ತುಂಡಾಗಲಿಲ್ಲ, ಪಕ್ಕದ ಮರ ಸೀಳಿತು. ಒಡೆದ ಮುಖದ ಮೇಲೆ ಇನ್ನೊಂದು ತುಂಡಿನ ನಾರು ಹಾಗೇ ಅಂಟಿಕೊಂಡು ನಿಂತಿತ್ತು. ಆ ಚೂರು ಈಗಲೂ ಶೆಡ್‌ನ ಕಿಟಕಿಯಲ್ಲಿದೆ.

ಹಾಗಂತ ಇದು ನೀರಿನಲ್ಲಿ ಮುಳುಗಿಯೇ ಇರುವ ಕೆಲಸಕ್ಕೆ ಆಗುವ ಅಂಟಲ್ಲ, ಕಂಪನಿಯೂ ಬೇಡ ಅನ್ನುತ್ತದೆ. ಒಣಗಿದ ಮೇಲೆ ಆಹಾರಕ್ಕೆ ಪರೋಕ್ಷವಾಗಿ ತಾಗುವ ಜಾಗದಲ್ಲಿ ಬಳಸಬಹುದೆಂದು ಅಮೆರಿಕದ ಆಹಾರ-ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಿಯಮದಡಿ ಒಪ್ಪಿಗೆ ಇದೆ. ಹೆಚ್ಚುಮಣೆಯ ಹೆಸರನ್ನು ಕಂಪನಿ ತಾನೇ ಹೇಳುತ್ತದೆ.

ಅಂಟಿನ ಶಕ್ತಿ ನನಗೆ ನಿಜವಾಗಿ ತಿಳಿದದ್ದು ನನ್ನದೇ ತಪ್ಪಿನಿಂದ. ಇದರಿಂದ ಮಾಡಿದ ಮೊದಲ ಮಣೆಗೆ ಚಂದ ಕಾಣಲೆಂದು ಸುತ್ತಲೂ ಸಾಗವಾನಿ ಪಟ್ಟಿಯ ಚೌಕಟ್ಟು ಕಟ್ಟಿದ್ದೆ, ಫೋಟೋಕ್ಕೆ ಕಟ್ಟು ಹಾಕಿದ ಹಾಗೆ. ಬೇಸಿಗೆ ಕಳೆಯಿತು. ಜುಲೈನಲ್ಲಿ ನಮ್ಮಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಟಪ್ ಅಂತ ಸಪ್ಪಳ. ಹೋಗಿ ನೋಡಿದರೆ ಚೌಕಟ್ಟಿನ ಒಂದು ಮೂಲೆ ಬೆರಳು ತೂರುವಷ್ಟು ತೆರೆದಿದೆ. ಮರ ತೇವ ಕುಡಿದು ಉಬ್ಬುವುದು ನಾರಿಗೆ ಅಡ್ಡಲಾಗಿ. ನಾರಿನ ಉದ್ದಕ್ಕೆ ಉಬ್ಬುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಾರು ನಿಂತ ಮಣೆ ಉದ್ದಕ್ಕೂ ಅಗಲಕ್ಕೂ ಎರಡೂ ಕಡೆ ಉಬ್ಬಿತು. ಸುತ್ತಲಿನ ಚೌಕಟ್ಟು ತನ್ನ ಉದ್ದ ಬದಲಿಸಲಿಲ್ಲ. ನಡುವೆ ಸಿಕ್ಕ ಅಂಟು ಬಿಡಲಿಲ್ಲ, ಸಾಗವಾನಿಯೇ ಸೀಳಿತು. ಅದಾದ ಮೇಲೆ ನಾನು ಯಾವ ಎಂಡ್ ಗ್ರೇನ್ ಮಣೆಗೂ ಚೌಕಟ್ಟು ಹಾಕಿಲ್ಲ, ನೀವೂ ಹಾಕಬೇಡಿ. ತೇವ ಅಳೆಯುವ ಮೀಟರ್ ಶೇಕಡಾ 12ಕ್ಕಿಂತ ಹೆಚ್ಚು ತೋರಿಸಿದ ಮರವನ್ನು ಮುಟ್ಟುವುದೂ ಇಲ್ಲ. ಮಳೆಗಾಲದಲ್ಲಿ ಅಡ್ಡೆಯಿಂದ ತಂದದ್ದು 18 ತೋರಿಸುತ್ತದೆ. ಅದು ಮನೆಯೊಳಗೆ ಮಂಚದ ಕೆಳಗೆ ದೀಪಾವಳಿ ಕಾಯುತ್ತದೆ.

ಮೆಚ್ಚದ ವಿಷಯವೂ ಇದೆ. ಒಣಗಿದ ಅಂಟು ಕಂದು. ಅಕೇಶಿಯಾದ ಸಂದಿನಲ್ಲಿ ಮಾಯವಾಗುತ್ತದೆ, ಬೀಚ್‌ಗೆ ಬೀಚ್ ಕೂಡಿದಲ್ಲಿ ಸೀಸದಕಡ್ಡಿಯಿಂದ ಎಳೆದಂಥ ಗೆರೆ ಉಳಿಯುತ್ತದೆ. ಬಿಳಿ ಮರದ್ದೇ ಮಣೆ ಮಾಡುವವರು ಇದನ್ನು ಯೋಚಿಸಬೇಕು. ಹಚ್ಚಿದ ಹೊಸತಿನಲ್ಲಿ ಪಟ್ಟಿಗಳು ಜಾರುತ್ತವೆ. ನಾನು ಪ್ರತಿ ಸಂದಿಗೂ ಪುಡಿಯುಪ್ಪಿನ ನಾಲ್ಕು ಕಣ ಉದುರಿಸಿ ಬಿಗಿಯುತ್ತೇನೆ, ಜಾರುವುದು ನಿಲ್ಲುತ್ತದೆ. ಎಪಾಕ್ಸಿಯನ್ನೂ ಒಮ್ಮೆ ಬಳಸಿ ನೋಡಿದ್ದೇನೆ. ಸಮಯ ಧಾರಾಳ ಸಿಗುತ್ತದೆ, ಆದರೆ ಎರಡು ದ್ರವ ಅಳೆದು ಬೆರೆಸುವುದು, ಕೈಗವಸು, ವಾಸನೆ, ಇದೆಲ್ಲ ಅಡುಗೆಮನೆಯ ವಸ್ತುವಿಗೆ ನನಗೆ ಒಗ್ಗಲಿಲ್ಲ.

ಕೊಳ್ಳುವಾಗ ಒಂದು ಎಚ್ಚರ. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರ ನನಗೆ ಕಳಿಸಿದ ಬಾಟಲಿಯಿಂದ ಅಂಟು ಇಳಿಯಲೇ ಇಲ್ಲ, ಗಟ್ಟಿ ಬೆಲ್ಲದ ಪಾಕದಂತೆ ದಾರ ಎಳೆಯುತ್ತಿತ್ತು. ಸೀಲ್ ಒಡೆದಾಗಿದೆ ಅಂತ ವಾಪಸ್ ತೆಗೆದುಕೊಳ್ಳಲಿಲ್ಲ, ನನ್ನ ದುಡ್ಡು ಹೋಯಿತು. ಆಮೇಲೆ ತಿಳಿಯಿತು, ಬಾಟಲಿಯ ಮೇಲಿನ ಲಾಟ್ ಸಂಖ್ಯೆಯಲ್ಲಿ ತಯಾರಾದ ದಿನ ಇರುತ್ತದೆ: ಮೊದಲು ಎ ಅಕ್ಷರ, ಅದರ ನಂತರದ ಒಂದು ಅಂಕಿ ವರ್ಷದ ಕೊನೆಯ ಅಂಕಿ, ಮುಂದಿನ ಎರಡು ತಿಂಗಳು, ಅದರ ಮುಂದಿನ ಎರಡು ತಾರೀಖು. ನನ್ನ ಬಾಟಲಿಗೆ ಮೂರು ವರ್ಷ ದಾಟಿತ್ತು. ಈಗ ಬೆಂಗಳೂರಿನ ಒಂದು ಅಂಗಡಿಗೆ ಫೋನ್ ಮಾಡಿ, ಆ ಸಂಖ್ಯೆ ಓದಿಸಿಕೊಂಡು, ಆಮೇಲೆ ಹಣ ಕಳಿಸುತ್ತೇನೆ. ಅವರು ಬೇಸರವಿಲ್ಲದೆ ಓದುತ್ತಾರೆ. ದೊಡ್ಡ ಡಬ್ಬಿ ಅಗ್ಗ ಬೀಳುತ್ತದೆಂದು ಆಸೆ ಪಡಬೇಡಿ, ನಮ್ಮ ಸೆಕೆಗೆ ಉಳಿದ ಅಂಟು ಹಾಳಾಗುತ್ತದೆ. ನನ್ನದು ಶೆಡ್‌ನಲ್ಲಿ ಇರುವುದಿಲ್ಲ, ದೇವರ ಮನೆಯ ಕೆಳಗಿನ ತಣ್ಣನೆಯ ಗೂಡಿನಲ್ಲಿ ಇರುತ್ತದೆ.

ಲೆಕ್ಕ ಹಾಕಿದರೆ ಒಂದು ಮಣೆಗೆ 70, 80 ಮಿಲೀ ಅಂಟು ಹಿಡಿಯುತ್ತದೆ. ಒಂದು ಬಾಟಲಿಗೆ ಆರು ಮಣೆ. ಮಣೆಯೊಂದಕ್ಕೆ 200 ರೂಪಾಯಿ ಒಳಗೇ ಬೀಳುತ್ತದೆ. ಆ ಮಣೆಯ ಹಿಂದೆ ನನ್ನ ನಾಲ್ಕು ದಿನ ಇರುತ್ತದೆ: ಕೊಯ್ಯುವುದು, ಎರಡು ಸಲ ಅಂಟಿಸುವುದು, ರೌಟರ್‌ನಿಂದ ಮಟ್ಟ ಮಾಡುವುದು (ನಿಂತ ನಾರನ್ನು ಪ್ಲೇನರ್ ಮೆಷಿನ್‌ಗೆ ಕೊಡಬಾರದು, ಅಂಚು ಸಿಡಿಯುತ್ತದೆ), 80ರಿಂದ 220ರವರೆಗೆ ಪಾಲಿಶ್ ಪೇಪರ್ ತಿಕ್ಕುವುದು, ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಎಣ್ಣೆಯನ್ನು ಮಣೆ ಕುಡಿಯುವಷ್ಟು ಕುಡಿಸುವುದು. ಅಡುಗೆ ಎಣ್ಣೆ ಹಚ್ಚಿದರೆ ಕಮಟು ಹಿಡಿಯುತ್ತದೆ. ಕೊನೆಗೆ ಅದೇ ಪ್ಯಾರಾಫಿನ್ ನಾಲ್ಕು ಪಾಲು, ಜೇನುಮೇಣ ಒಂದು ಪಾಲು ಕರಗಿಸಿ ಸವರುತ್ತೇನೆ. ಇಷ್ಟು ಕೆಲಸದ ಮೇಲೆ ಅಂಟಿನಲ್ಲಿ ನೂರು ರೂಪಾಯಿ ಉಳಿಸಲು ನನಗೆ ಮನಸ್ಸು ಬರುವುದಿಲ್ಲ. ಗೋಡೆಯ ಕಪಾಟು, ಸ್ಟೂಲ್, ಪೆಟ್ಟಿಗೆ ಇಂಥವಕ್ಕೆ ಇದು ಬೇಡ, ಬಿಳಿ ಅಂಟೇ ಸಾಕು, ನಾನೂ ಅದನ್ನೇ ಬಳಸುತ್ತೇನೆ. ಚಳಿಗಾಲದಲ್ಲಿ ಸಣ್ಣ ಮಣೆ ಮಾಡುವವರು, ನಾಲ್ಕೈದು ಸಂದಿನದು, ನೀಲಿ ಲೇಬಲ್ಲಿನಲ್ಲೇ ಮುಗಿಸಬಹುದು.

ಅವ್ವ ದಿನಾ ಬೆಳಿಗ್ಗೆ ಅದೇ ಮಣೆಯ ಮೇಲೆ ಉಳ್ಳಾಗಡ್ಡಿ ಹೆಚ್ಚುತ್ತಾಳೆ. ಮೊದಲ ದಿನ ಎರಡು ಉಳ್ಳಾಗಡ್ಡಿ ಹೆಚ್ಚಿ ಕೈ ನಿಲ್ಲಿಸಿ, “ಸಪ್ಪಳನ ಇಲ್ಲಲ್ಲ ಇದಕ್ಕ” ಅಂದಿದ್ದಳು. ಮಾವಿನಕಾಯಿ ಕತ್ತಿಯ ಗುರುತುಗಳನ್ನು ಮೇ ತಿಂಗಳಲ್ಲಿ 120ರ ಪೇಪರ್‌ನಿಂದ ತಿಕ್ಕಿ ತೆಗೆದೆ. ಮಣೆ ಒಂದು ಕಾಗದದ ದಪ್ಪದಷ್ಟು ಸವೆದಿರಬಹುದು, ಸಂದುಗಳು ಹಾಗೇ ಇವೆ. ಬಾಟಲಿಯಲ್ಲಿ ಈಗ ಮೂರು ಬೆರಳಷ್ಟು ಅಂಟು ಉಳಿದಿದೆ. ಅಕ್ಕ ತನಗೂ ಒಂದು ಬೇಕು ಅಂದಿದ್ದಾಳೆ, ಉಪ್ಪಿನಕಾಯಿಗೆ ಆಗುವಂಥದ್ದು, ಇದಕ್ಕಿಂತ ಅರ್ಧ ಇಂಚು ದಪ್ಪ. ಅಕೇಶಿಯಾ ಮಂಚದ ಕೆಳಗಿದೆ, ನಿನ್ನೆ ಮೀಟರ್ 13 ತೋರಿಸಿತು.